ಲೂನಾಗೆ ಕೋಪ ಬರುತ್ತಿತ್ತು. ಅದನ್ನು ಯಾಕೆ ಮುಚ್ಚಿಡಬೇಕು?

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಬೇರೆ ವಿಷಯ ಮಾತಾಡೋಣ ಅಂತಿದ್ದೆ. ಆದರೆ ಕಳೆದ ವಾರದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಓದಿದೆ. ಎರಡು ದಿನದಿಂದ ಅದು ತಲೆಯಿಂದ ಹೋಗುತ್ತಿಲ್ಲ.

ಫಿಲಿಪೀನ್ಸ್‌ನ 'ಹೆನೆರಲ್ ಲೂನಾ' ಸಿನಿಮಾ ನೋಡಿ ಅಂತ ನಾನು ಹೇಳಿದ್ದೆ ಅಲ್ವಾ? ಒಬ್ಬರು ನೋಡಿದ್ದಾರೆ, ಸಂತೋಷ. ನೋಡಿ ಏನು ಬರೆದಿದ್ದಾರೆ ಗೊತ್ತಾ? ದೇಶಕ್ಕಾಗಿ ಸತ್ತವನನ್ನು ಹೀಗೆ ಸಿಡುಕನ ಥರ, ಬಾಯಿಗೆ ಬಂದಂತೆ ಬೈಯುವವನ ಥರ ತೋರಿಸಿದ್ದು ಅವಮಾನವಂತೆ.

ಅವಮಾನ ಅಲ್ಲ ಸ್ವಾಮಿ. ಆ ಮನುಷ್ಯನ ಕೋಪ ತೆಗೆದರೆ ಅವನ ಕತೆಯೇ ಇಲ್ಲ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಆಂಟೋನಿಯೋ ಲೂನಾ ಹುಟ್ಟಿದ್ದು 1866ರಲ್ಲಿ, ಮನಿಲಾದ ಬಿನೊಂಡೋದಲ್ಲಿ. ಓದಿದ್ದು ಔಷಧ ವಿಜ್ಞಾನ. ಮಲೇರಿಯಾ ಬಗ್ಗೆ ಸಂಶೋಧನೆ ಮಾಡಿದವರು. ಅಣ್ಣ ಹುವಾನ್ ಲೂನಾ ದೊಡ್ಡ ಚಿತ್ರಕಾರ. 1898ರಲ್ಲಿ, ಆಗ ಆಳುತ್ತಿದ್ದ ಸ್ಪೇನ್ ಇವರ ದೇಶವನ್ನೇ 2 ಕೋಟಿ ಡಾಲರ್‌ಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಸಂತೆಯಲ್ಲಿ ದನ ಮಾರಿದ ಹಾಗೆ! 1899ರ ಫೆಬ್ರವರಿಯಲ್ಲಿ ಅಮೆರಿಕದ ಜೊತೆ ಯುದ್ಧ ಶುರುವಾಯಿತು. ಸೈನ್ಯ ನಡೆಸುವ ಹೊಣೆ ಈ ಮಲೇರಿಯಾ ಓದಿದ ಮನುಷ್ಯನ ಮೇಲೆ ಬಿತ್ತು. ಅವರಿಗೆ ಕೋಪ ಬರಬಾರದಿತ್ತಾ?

ಈಗ ಕೇಳಿ. ಅದೇ ಫೆಬ್ರವರಿಯಲ್ಲಿ ಮನಿಲಾ ಮೇಲೆ ತಿರುಗಿ ದಾಳಿ ಮಾಡಲು ಲೂನಾ ಹೊರಟರು. ಕಾವಿತ್ ಊರಿನ ಒಂದು ಪಡೆ ಕದಲಲಿಲ್ಲ. ನಾವು ಅಧ್ಯಕ್ಷ ಅಗಿನಾಲ್ಡೋ ಮಾತು ಮಾತ್ರ ಕೇಳುತ್ತೇವೆ ಅಂತ ನಿಂತುಬಿಟ್ಟರು. ಲೂನಾ ಉರಿದುಬಿದ್ದರು. ಅವರ ಬಂದೂಕುಗಳನ್ನೇ ಕಿತ್ತುಕೊಂಡರು. ನಾಲ್ಕು ತಿಂಗಳ ಮೇಲೆ, ಜೂನ್ 5ರಂದು, ಕಬನತುವಾನ್‌ನಲ್ಲಿ ಲೂನಾರನ್ನು ಕೊಂದವರು ಯಾರು? ಅದೇ ಕಾವಿತ್ ಸೈನಿಕರು. ಅವರ ನಾಯಕ ಕ್ಯಾಪ್ಟನ್ ಪೆದ್ರೋ ಹನೊಲಿನೋ. ಆವತ್ತಿನ ಸಿಟ್ಟು ತೋರಿಸದೆ ಈ ಸಾವನ್ನು ಹೇಗೆ ತೋರಿಸುತ್ತೀರಿ? ಆಕಾಶದಿಂದ ಬಿತ್ತು ಅನ್ನುತ್ತೀರಾ?

ಇನ್ನೂ ಒಂದಿದೆ, ನನಗೆ ತುಂಬಾ ನೋವು ಕೊಟ್ಟ ಭಾಗ. ಏಪ್ರಿಲ್‌ನಲ್ಲಿ ಅಮೆರಿಕನ್ನರು ಬಾಗ್‌ಬಾಗ್ ನದಿ ದಾಟಲು ತಯಾರಾಗಿ ನಿಂತಿದ್ದಾರೆ. ಸಹಾಯಕ್ಕೆ ಜನ ಕಳಿಸು ಅಂದರೆ ಜನರಲ್ ತೊಮಾಸ್ ಮಸ್ಕಾರ್ಡೋ ಕಿವಿಗೆ ಹಾಕಿಕೊಳ್ಳಲಿಲ್ಲ. ಲೂನಾ ಏನು ಮಾಡಿದರು? ಮಸ್ಕಾರ್ಡೋಗೆ ಬುದ್ಧಿ ಕಲಿಸುತ್ತೇನೆ ಅಂತ ಒಂದಷ್ಟು ಸೈನ್ಯ ಕರೆದುಕೊಂಡು ಹೊರಟೇಬಿಟ್ಟರು! ಎದುರಿಗೆ ಶತ್ರು ಇದ್ದಾಗ! ಆ ಹೊತ್ತಲ್ಲೇ ಅಮೆರಿಕನ್ನರು ನುಗ್ಗಿದರು. ಸರಿ ಯಾರದು, ತಪ್ಪು ಯಾರದು? ಇಬ್ಬರದೂ ತಪ್ಪು. ನೋಡುತ್ತಾ ನಾನು ಬೇಡ, ಹೋಗಬೇಡಿ, ತಿರುಗಿ ಬನ್ನಿ ಅಂತ ಪರದೆಗೆ ಹೇಳುತ್ತಿದ್ದೆ. ಫೋಟೋಗೆ ಹಾರ ಹಾಕಿ ಕೂರಿಸಿದ ವೀರನಿಗೆ ಯಾರಾದರೂ ಹೀಗೆ ಕೂಗಿ ಹೇಳುತ್ತಾರಾ?

ನಮ್ಮ ಅಜ್ಜ ಕೋಪ ಬಂದರೆ ಊಟದ ತಟ್ಟೆ ಅಂಗಳಕ್ಕೆ ಎಸೆಯುತ್ತಿದ್ದರು. ತಿಥಿ ದಿನ ಎಲ್ಲರೂ ಬಂದು ತುಂಬಾ ಒಳ್ಳೆಯವರು, ತುಂಬಾ ಒಳ್ಳೆಯವರು ಅಂತಾರೆ. ಅಜ್ಜಿ ಮಾತ್ರ ಆ ತಟ್ಟೆ ಕತೆ ಹೇಳುತ್ತಾರೆ. ಆಗ ಅಜ್ಜ ಬಾಗಿಲಲ್ಲಿ ಬಂದು ನಿಂತ ಹಾಗೆ ಆಗುತ್ತದೆ ನನಗೆ.

ಹಾಂ, ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಈಗಲೇ ಮಾಡಿ, ಬೆಲ್ ಒತ್ತಿ. ಇಂಥ ಸಿನಿಮಾಗಳ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಜಾಸ್ತಿ ಇಲ್ಲ. ನಿಮ್ಮ ಬೆಂಬಲ ನನಗೆ ನಿಜವಾಗಲೂ ಬೇಕು.

ಇನ್ನೊಬ್ಬರು ಕೇಳಿದ್ದಾರೆ, ಇದನ್ನು ನೋಡಿ ಮಕ್ಕಳು ಏನು ಕಲಿಯುತ್ತಾರೆ ಅಂತ. ಮಕ್ಕಳನ್ನೇ ಕೇಳಿ! 2015ರ ಸೆಪ್ಟೆಂಬರ್‌ನಲ್ಲಿ ಸಿನಿಮಾ ಬಂದಾಗ ಥಿಯೇಟರ್‌ಗಳು ಬೇಗ ಎತ್ತಿಹಾಕಲು ಶುರು ಮಾಡಿದವು. ನೋಡಿದವರೇ ಬಾಯಿಂದ ಬಾಯಿಗೆ ಹೇಳಿ, ಆನ್‌ಲೈನ್‌ನಲ್ಲಿ ಗಲಾಟೆ ಮಾಡಿ ಉಳಿಸಿಕೊಂಡರು. ಅದರಲ್ಲಿ ಎಷ್ಟೊಂದು ಜನ ವಿದ್ಯಾರ್ಥಿಗಳು! ಸಿನಿಮಾ ನೋಡಿದ ಕೆಲವು ಹುಡುಗರು ಅಗಿನಾಲ್ಡೋ ಸರ್ಕಾರದ ಪ್ರಧಾನಿ ಅಪೋಲಿನಾರಿಯೋ ಮಬಿನಿ ಪಾತ್ರ ಮಾಡಿದ ನಟ ಎಪಿ ಕಿಸೋನ್‌ಗೆ ಕೇಳಿದ್ದರು: ನೀವು ಯಾಕೆ ಇಡೀ ಸಿನಿಮಾ ಕೂತೇ ಇದ್ದಿರಿ? ಮಬಿನಿಗೆ ಕಾಲಿನ ಸ್ವಾಧೀನ ಇರಲಿಲ್ಲ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. 10 ಪೆಸೋ ನಾಣ್ಯದ ಮೇಲೆ ದಿನಾ ಆ ಮುಖ ನೋಡಿದ್ದರು. ಮುಖ ಮಾತ್ರ. ಮೈ ಇಲ್ಲ, ನೋವಿಲ್ಲ, ಕೋಪ ಇಲ್ಲ. ನಿಮಗೆ ಬೇಕಾದ ಸಿನಿಮಾ ಅದೇ ಅಲ್ವಾ? ನಾಣ್ಯ! ಹಾಗಿದ್ದರೆ ಜೇಬಿನಿಂದ ತೆಗೆದು ಎರಡು ಗಂಟೆ ನೋಡುತ್ತಾ ಕೂತುಕೊಳ್ಳಿ, ಟಿಕೆಟ್ ದುಡ್ಡು ಉಳಿಯುತ್ತದೆ.

ನನ್ನನ್ನು ಕೇಳಿದರೆ ನಿರ್ದೇಶಕ ಜೆರೋಲ್ಡ್ ತರೋಗ್ ಇನ್ನೂ ತೋರಿಸಬೇಕಿತ್ತು. 1896ರಲ್ಲಿ ಸೆರೆ ಸಿಕ್ಕಾಗ ಇದೇ ಲೂನಾ ಕ್ರಾಂತಿಕಾರರ ಬಗ್ಗೆ ಸ್ಪೇನಿನವರ ಮುಂದೆ ಬಾಯಿ ಬಿಟ್ಟಿದ್ದರು. ಅದರ ಮೇಲೇ ಒಂದು ಇಡೀ ಸಿನಿಮಾ ಆಗುತ್ತದೆ. ತೋರಿಸಿ! ಎಲ್ಲಾ ತೋರಿಸಿ! ನಾವೇನು ಒಡೆದುಹೋಗುತ್ತೇವಾ?

ಲೂನಾ ಸಾಯುವ ದೃಶ್ಯ ನೋಡಿ. ತಂತಿ ಸಂದೇಶ ನಂಬಿ ಅಧ್ಯಕ್ಷರನ್ನು ಕಾಣಲು ಬರುತ್ತಾರೆ. ಅಧ್ಯಕ್ಷರು ಅಲ್ಲಿಲ್ಲ. ಮೆಟ್ಟಿಲು ಇಳಿದು ಬರುವಾಗ ಕತ್ತಿ, ಗುಂಡು. 32 ವರ್ಷ. ಲೂನಾ ಪಾತ್ರ ಮಾಡಿದ ಜಾನ್ ಅರ್ಸಿಲ್ಲಾ ಅಲ್ಲಿಯೂ ಬೈಯುತ್ತಲೇ ನಡೆಯುತ್ತಾರೆ, ಬೀಳುವವರೆಗೂ. ಆಮೇಲೆ ಲೂನಾ ಮತ್ತು ಅವರ ಸಹಾಯಕ ಕರ್ನಲ್ ಪಾಕೋ ರೋಮನ್, ಇಬ್ಬರ ಹೆಣಗಳನ್ನು ಎಳೆದುಕೊಂಡು ಹೋಗುತ್ತಾರೆ. ಆ ಚೌಕಟ್ಟು ಇದೆಯಲ್ಲ, ಅದು ಅಣ್ಣ ಹುವಾನ್ ಬರೆದ 'ಸ್ಪೋಲಿಯಾರಿಯಂ' ಚಿತ್ರ. ಸತ್ತ ಗ್ಲಾಡಿಯೇಟರ್‌ಗಳನ್ನು ನೆಲದ ಮೇಲೆ ಎಳೆಯುವ ಚಿತ್ರ. ಅಣ್ಣನ ಚಿತ್ರದೊಳಗೆ ತಮ್ಮನ ಹೆಣ. ನಾನು ಅಲ್ಲೇ ಪಾಸ್ ಒತ್ತಿ ಸುಮ್ನೆ ಕೂತುಬಿಟ್ಟೆ.

ಅವಮಾನ ಅಂತೆ! ಇಲ್ಲ, ನಾನು ಒಪ್ಪುವುದಿಲ್ಲ. ನೂರು ಸಲ ಬರೆಯಿರಿ, ನೂರು ಸಲವೂ ಒಪ್ಪುವುದಿಲ್ಲ. ಬೈಯುವವನನ್ನು ಬೈಯುವವನ ಹಾಗೇ ತೋರಿಸಬೇಕು, ಅಷ್ಟೇ.

ಮುಂದಿನ ವಾರ ಇದರ ಮುಂದಿನ ಭಾಗ, 2018ರ 'ಗೋಯೋ'. 24ನೇ ವಯಸ್ಸಿಗೆ ತಿರಾದ್ ಕಣಿವೆಯಲ್ಲಿ ಸತ್ತ ಗ್ರೆಗೋರಿಯೋ ದೆಲ್ ಪಿಲಾರ್ ಕತೆ. ಆ ಕಾಮೆಂಟ್ ಬರೆದವರೇ, ನೀವೂ ಬರಬೇಕು. ನೋಡಿಕೊಂಡು ಬನ್ನಿ, ಮತ್ತೆ ಜಗಳ ಆಡೋಣ.