ಎಷ್ಟು ಹೊತ್ತಿಗೆ ಶುರುವಾಯಿತು?

ಕೇಳುಗರೆ, ನಮಸ್ಕಾರ.

ಮುಖ ಸೊಟ್ಟಗಾಗಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದು ರೋಗಿಯನ್ನು ಕರೆತಂದವರಿಗೆ ನಾವು ವೈದ್ಯರು ಮೊದಲು ಕೇಳುವುದು, ‘ಎಷ್ಟು ಹೊತ್ತಿಗೆ ಶುರುವಾಯಿತು?’ ಬಹಳ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಗಾಬರಿಯಲ್ಲಿ ಗಡಿಯಾರ ಯಾರಿಗೆ ನೆನಪಾದೀತು? ಆದರೆ ಚಿಕಿತ್ಸೆ ನಿಂತಿರುವುದೇ ಆ ಉತ್ತರದ ಮೇಲೆ.

ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ಪಾರ್ಶ್ವವಾಯು ಎಂದೇ ಎಣಿಸಿ ಹೊರಡಿ. ಹೆಚ್ಚಿನವರಲ್ಲಿ ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡಬಂದಿರುತ್ತದೆ. ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಕೆಲವರಲ್ಲಿ ರಕ್ತನಾಳವೇ ಒಡೆದಿರುತ್ತದೆ. ಅಂಥವರಿಗೆ ಅದೇ ಮದ್ದು ಪ್ರಾಣಕ್ಕೆ ಕುತ್ತು. ಹೊರನೋಟಕ್ಕೆ ಎರಡೂ ಒಂದೇ, ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಹಾಗಾಗಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ನೀರೂ ಬೇಡ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ನಿದ್ದೆಯಿಂದ ಏಳುವಾಗಲೇ ಹೀಗಿದ್ದರೆ, ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾವಾಗ ಕಂಡಿರಿ ಎಂಬುದನ್ನು ಹೇಳಿ.

ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋಯಿತು ಎಂದು ಮನೆಯಲ್ಲೇ ಉಳಿದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ದೊಡ್ಡ ಹೊಡೆತ ಮುಂದಿನ ಒಂದೆರಡು ದಿನಗಳಲ್ಲೇ ಬರಬಹುದು. ಅದನ್ನು ತಡೆಯುವ ಅವಕಾಶ ಇರುವುದೂ ಆಗಲೇ.

ಫಿಟ್ಸ್ ಬಂದಾಗಲೂ ಗಡಿಯಾರ ನೋಡಿ. ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ ಆಂಬುಲೆನ್ಸ್ ಕರೆಯಿರಿ. ಜೊತೆಗೆ ಇನ್ನೊಬ್ಬರಿದ್ದರೆ ಫೋನಿನಲ್ಲಿ ವಿಡಿಯೊ ತೆಗೆಯಲಿ. ನಾವು ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಎಷ್ಟೋ ಸಲ ಆ ವಿಡಿಯೊದಿಂದಲೇ ರೋಗ ತಿಳಿಯುತ್ತದೆ. ಮೂರ್ಛೆರೋಗವಿರುವ 10 ಜನರಲ್ಲಿ ಸುಮಾರು 7 ಜನ ಸರಿಯಾದ ಮಾತ್ರೆಯಿಂದ ಫಿಟ್ಸ್ ಇಲ್ಲದೆ ಬದುಕಬಲ್ಲರು. ‘ಈಗ ಚೆನ್ನಾಗಿದ್ದೇನಲ್ಲ’ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮೈಗ್ರೇನ್ ಇರುವವರು ತಲೆನೋವು ಬಂದ ದಿನ, ಮಾತ್ರೆ ನುಂಗಿದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋವಿನ ಮಾತ್ರೆ ತಿಂಗಳಿಗೆ 15 ದಿನ ಮುಟ್ಟಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಸಿಡಿಲು ಬಡಿದ ಹಾಗೆ ಒಮ್ಮೆಲೇ ಎರಗಿದ ತಲೆನೋವಿಗೆ ಮಾತ್ರ ಮಾತ್ರೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಕೊನೆಯದಾಗಿ ಪಾರ್ಕಿನ್ಸನ್, ಅಂದರೆ ಕೈ ನಡುಗುವ, ನಡೆ ನಿಧಾನವಾಗುವ ಮಿದುಳಿನ ಕಾಯಿಲೆ. ಅದಕ್ಕೆ ಕೊಡುವ ಲೆವೊಡೋಪಾ ಎಂಬ ಮಾತ್ರೆ ತಡವಾದರೆ ರೋಗಿಯ ಮೈ ಸೆಟೆದುಕೊಳ್ಳುತ್ತದೆ, ಕಾಲು ಕಿತ್ತಿಡಲಾಗುವುದಿಲ್ಲ. ಬೇರೆ ಯಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೇ ಈ ಹೊತ್ತು ತಪ್ಪುವುದು ಹೆಚ್ಚು. ಯಾವ ಮಾತ್ರೆ ಎಷ್ಟು ಗಂಟೆಗೆ ಎಂದು ಬರೆದ ಚೀಟಿಯನ್ನು ಸೇರಿದ ದಿನವೇ ನರ್ಸ್ ಕೈಗೆ ಕೊಡಿ.

ನಮಸ್ಕಾರ.