ಹಾಜರಿ ಪುಸ್ತಕದಲ್ಲಿ ಕಾಣದ ಮಕ್ಕಳು: ತುರ್ಕಿಯ ಮೇಷ್ಟ್ರು ರಿಫಾತ್ ಇಲ್ಗಾಜ್

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ 1944ರಲ್ಲಿ, ತುರ್ಕಿಯ ಇಸ್ತಾಂಬುಲ್ ನಗರದಲ್ಲಿ ‘ಸಿನಿಫ್’, ಅಂದರೆ ‘ತರಗತಿ’ ಎಂಬ ಹೆಸರಿನ ಕವನ ಸಂಕಲನವೊಂದು ಪ್ರಕಟವಾಯಿತು. ಬರೆದವರು ರಿಫಾತ್ ಇಲ್ಗಾಜ್ ಎಂಬ ಶಾಲಾ ಮೇಷ್ಟ್ರು. ಅದರಲ್ಲಿ ಮೇಷ್ಟ್ರೊಬ್ಬರು ತಮ್ಮ ತುಂಟ ಮಕ್ಕಳನ್ನು ಉದ್ದೇಶಿಸಿ ಆಡುವ ಮಾತಿನ ರೂಪದ ಕವಿತೆಯೊಂದಿದೆ. ನಿಮ್ಮನ್ನು ನಾನು ಅರಿತದ್ದು ಹಾಜರಿ ಪುಸ್ತಕದಿಂದಲ್ಲ ಎಂದು ಅದು ಆರಂಭವಾಗುತ್ತದೆ. ತರಗತಿಗೆ ಎಲ್ಲರಿಗಿಂತ ಹೆಚ್ಚು ಚಕ್ಕರ್ ಹೊಡೆಯುವ ಹುಡುಗ ಸಿನಿಮಾ ಮುಗಿಸಿ ಬರುವ ದಾರಿಯಲ್ಲಿ ಎದುರಾಗುತ್ತಾನೆ. ಅವನ ಕಂಕುಳಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳಿವೆ. ಮತ್ತೊಬ್ಬ ಮೀನುಪೇಟೆಯಲ್ಲಿ ನಿಂಬೆಹಣ್ಣು ಮಾರುತ್ತಾನೆ, ಇನ್ನೊಬ್ಬ ತಾಹ್ತಾಕಾಲೆಯ ಸಂತೆಬೀದಿಯಲ್ಲಿ ಚಹಾ ಹಂಚುತ್ತಾನೆ. ಇತ್ತ ತರಗತಿಯಲ್ಲಿ ಬೆಣ್ಣೆಯ ಜೀವಸತ್ವ, ಹೊಸ ಮೊಟ್ಟೆಯ ಕ್ಯಾಲೊರಿ ಇವುಗಳ ಪಾಠ ಹೊಟ್ಟೆಗಿಲ್ಲದ ಮಕ್ಕಳ ಮುಂದೆ ನಡೆಯುತ್ತಲೇ ಇದೆ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದೆವು, ನಕ್ಷತ್ರಗಳ ದೂರ ಅಳೆದೆವು, ಚಳಿಗಾಲದ ಗುಬ್ಬಚ್ಚಿಗಳಿಗಾಗಿ ಮರುಗಿದೆವು, ಆದರೆ ಮೂಗಿನ ಕೆಳಗಿರುವುದನ್ನು ಮಾತ್ರ ಕಾಣಲಿಲ್ಲ ಎಂದು ಮೇಷ್ಟ್ರು ತಮ್ಮನ್ನೂ ಸೇರಿಸಿಕೊಂಡೇ ಹೇಳುತ್ತಾರೆ.

ಈ ಕವಿತೆಯಲ್ಲಿ ಘೋಷಣೆಯಿಲ್ಲ, ಯಾರನ್ನೂ ಹೆಸರಿಸಿ ದೂರಿದ್ದಿಲ್ಲ. ಆದರೂ ಇಸ್ತಾಂಬುಲಿನಲ್ಲಿ ಆಗ ಜಾರಿಯಲ್ಲಿದ್ದ ಸೇನಾ ಕಾನೂನಿನ ಅಧಿಕಾರಿಗಳು ಕೆಲವೇ ವಾರಗಳಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡರು. ಇಲ್ಗಾಜ್ ಕೆಲಕಾಲ ತಲೆಮರೆಸಿಕೊಂಡಿದ್ದು, ಕೊನೆಗೆ ತಾವಾಗಿ ಶರಣಾಗಿ ಆರು ತಿಂಗಳ ಶಿಕ್ಷೆಗೆ ಗುರಿಯಾದರು. ಯುದ್ಧಭಯದಿಂದ ಊರಿನ ದೀಪಗಳನ್ನೆಲ್ಲ ಮರೆಮಾಡುತ್ತಿದ್ದ ಆ ರಾತ್ರಿಗಳಲ್ಲಿ ಅಡಗುತಾಣದಿಂದ ಅಡಗುತಾಣಕ್ಕೆ ಅಲೆದ ಅನುಭವವೇ ಮೂವತ್ತು ವರ್ಷಗಳ ನಂತರ ‘ಕರಾರ್ತ್ಮಾ ಗೆಜೆಲೆರಿ’, ಅಂದರೆ ‘ದೀಪ ಮರೆಸಿದ ರಾತ್ರಿಗಳು’ ಎಂಬ ಕಾದಂಬರಿಯಾಯಿತು. ಬೇರೆ ಯಾವ ದಾಖಲೆಗಿಂತಲೂ ಆ ಒಂದು ಕವಿತೆಯೇ ಈ ಮನುಷ್ಯನ ಮುಂದಿನ ಐವತ್ತು ವರ್ಷಗಳನ್ನು ಅರ್ಥ ಮಾಡಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಶಾಲೆಯಿಂದ ಅವರನ್ನು ಹೊರಹಾಕಬಹುದಾಗಿತ್ತು; ತರಗತಿಗೆ ಬಾರದ ಹುಡುಗ ಎಲ್ಲಿದ್ದಾನೆಂದು ಹುಡುಕುವ ಅವರ ಅಭ್ಯಾಸವನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ.

ಇಲ್ಗಾಜ್ ಹುಟ್ಟಿದ್ದು 1911ರಲ್ಲಿ, ಕಪ್ಪು ಸಮುದ್ರದ ದಂಡೆಯಲ್ಲಿರುವ ಜಿದೆ ಎಂಬ ಪುಟ್ಟ ಪಟ್ಟಣದಲ್ಲಿ. ಅದು ಕಸ್ತಮೋನು ಪ್ರಾಂತ್ಯಕ್ಕೆ ಸೇರಿದ ಊರು. ಅವರು ಕಸ್ತಮೋನುವಿನ ಶಿಕ್ಷಕರ ತರಬೇತಿ ಶಾಲೆಯಿಂದ ಹೊರಬಂದದ್ದು 1930ರಲ್ಲಿ. ತುರ್ಕಿ ಗಣರಾಜ್ಯವು ಅರಬ್ಬೀ ಲಿಪಿಯನ್ನು ಕೈಬಿಟ್ಟು ಲ್ಯಾಟಿನ್ ಲಿಪಿಯನ್ನು ಜಾರಿಗೆ ತಂದದ್ದು 1928ರಲ್ಲಾದ್ದರಿಂದ, ತಾವು ಬಾಲ್ಯದಲ್ಲಿ ಒಂದು ಲಿಪಿಯಲ್ಲಿ ಅಕ್ಷರ ಕಲಿತು ಮಕ್ಕಳಿಗೆ ಮತ್ತೊಂದು ಲಿಪಿಯಲ್ಲಿ ತಿದ್ದಿಸಬೇಕಾಗಿ ಬಂದ ತಲೆಮಾರಿನ ಶಿಕ್ಷಕರು ಇವರು. ಗೆರೆದೆ, ಆಕ್ಚಾಕೋಜಾ ಮೊದಲಾದ ಸಣ್ಣ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು, ಬಳಿಕ ಅಂಕಾರಾದ ಗಾಜಿ ಶಿಕ್ಷಣ ಸಂಸ್ಥೆಯಲ್ಲಿ ಸಾಹಿತ್ಯವನ್ನು ಓದಿ, ಇಸ್ತಾಂಬುಲಿನ ಕರಾಗುಮ್ರುಕ್ ಬಡಾವಣೆಯ ಮಾಧ್ಯಮಿಕ ಶಾಲೆಗೆ ಬಂದರು.

ಆ ಕಾಲದಲ್ಲಿ ಬಡ ಶಿಕ್ಷಕರ ಬೆನ್ನು ಹತ್ತಿದ್ದ ಕ್ಷಯರೋಗ ಇವರನ್ನೂ ಬಿಡಲಿಲ್ಲ. ಸೆರೆಮನೆ, ಕ್ಷಯರೋಗಿಗಳ ಆಸ್ಪತ್ರೆ, ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ, ಮತ್ತೆ ಸೆರೆಮನೆ ಎಂದು ಬದುಕು ಸುತ್ತತೊಡಗಿ, 1940ರ ದಶಕ ಮುಗಿಯುವಷ್ಟರಲ್ಲಿ ಮೇಷ್ಟ್ರ ಕೆಲಸ ಶಾಶ್ವತವಾಗಿ ಕೈತಪ್ಪಿತು. ಲೇಖಕರಾದ ಸಬಾಹತ್ತಿನ್ ಅಲಿ ಮತ್ತು ಅಜೀಜ್ ನೆಸಿನ್ 1946ರಲ್ಲಿ ಆರಂಭಿಸಿದ ‘ಮಾರ್ಕೊ ಪಾಷಾ’ ಎಂಬ ವಿಡಂಬನ ವಾರಪತ್ರಿಕೆಯ ಬಳಗದಲ್ಲಿ ಇವರೂ ಇದ್ದರು. ಸರ್ಕಾರ ಮುಚ್ಚಿಸಿದಾಗಲೆಲ್ಲ ಆ ಪತ್ರಿಕೆ ‘ದಿವಂಗತ ಪಾಷಾ’ ಎಂಬಂಥ ಹೊಸ ಹೆಸರು ಹೊತ್ತು ಮರುವಾರ ಎದ್ದು ಕೂರುತ್ತಿತ್ತು. ನಗೆಯನ್ನು ಬಳಸುವ ಬಗೆಯನ್ನು ಇಲ್ಗಾಜ್ ಅಲ್ಲಿ ಚೆನ್ನಾಗಿ ಪಳಗಿಸಿಕೊಂಡರು.

ಅದರ ಫಲ ಕಂಡದ್ದು ಹತ್ತು ವರ್ಷಗಳ ನಂತರ. ‘ದೋಲ್ಮುಷ್’ ಎಂಬ ಹಾಸ್ಯಪತ್ರಿಕೆಯಲ್ಲಿ ಒಂದು ವಸತಿಶಾಲೆಯ ಪುಂಡ ತರಗತಿಯ ಕಥೆಗಳು ಕಂತುಕಂತಾಗಿ ಬರತೊಡಗಿದವು. ದೋಲ್ಮುಷ್ ಎಂದರೆ ಅಲ್ಲಿನ ಷೇರ್ ಟ್ಯಾಕ್ಸಿ. ಕಥೆಗಾರನ ಹೆಸರಿನ ಜಾಗದಲ್ಲಿ ‘ಸ್ಟೆಪ್ನೆ’ ಎಂದಷ್ಟೇ ಇರುತ್ತಿತ್ತು. ನಮ್ಮ ಲಾರಿ ಚಾಲಕರು ಹೇಳುವ ಸ್ಟೆಪ್ನಿಯೇ ಅದು. ಸರ್ಕಾರದ ಕಣ್ಣಿಗೆ ಬಿದ್ದಿದ್ದ ಲೇಖಕನಿಗೆ ಸ್ವಂತ ಹೆಸರಿನಲ್ಲಿ ಬರೆಯುವುದು ಸುಲಭವಾಗಿರಲಿಲ್ಲ. ಈ ಕಥೆಗಳೇ 1957ರಲ್ಲಿ ‘ಹಬಾಬಾಮ್ ಸಿನಿಫಿ’ ಎಂಬ ಪುಸ್ತಕವಾದವು. ಅಲ್ಲಿನ ಹುಡುಗರಿಗೆ ಹೆಸರಿಗಿಂತ ಅಡ್ಡಹೆಸರೇ ಮುಖ್ಯ: ಒಬ್ಬ ‘ಹಸು’ ಶಾಬಾನ್, ಒಬ್ಬ ‘ಗಿಡ್ಡ’ ನೆಜ್ಮಿ, ಅವರನ್ನು ಕಾಯುವ ಉಪಮುಖ್ಯೋಪಾಧ್ಯಾಯರು ‘ಬೋಳ’ ಮಹಮೂದ್. ಹುಡುಗರು ನಕಲು ಹೊಡೆಯಲು ಹೂಡುವ ಉಪಾಯಗಳಿಗೆ ವ್ಯಯವಾಗುವ ಬುದ್ಧಿ, ಪಾಠದ ಮೇಲೆ ವ್ಯಯವಾಗಿದ್ದರೆ ಇಡೀ ತರಗತಿ ಮೊದಲ ದರ್ಜೆಯಲ್ಲಿ ಪಾಸಾಗುತ್ತಿತ್ತು. ಆದರೆ ಆ ಬುದ್ಧಿಗೆ ಪಾಠದಲ್ಲಿ ಜಾಗವೇ ಇಲ್ಲವಲ್ಲ ಎಂಬುದೇ ಲೇಖಕರ ತಕರಾರು. ಗಿಣಿಪಾಠವನ್ನು ಅವರು ದೂಷಿಸುವುದಿಲ್ಲ, ಅದು ಎಷ್ಟು ನಗೆಪಾಟಲೆಂದು ತೋರಿಸುತ್ತಾರೆ.

ಈ ಪುಸ್ತಕ ರಂಗಭೂಮಿಯನ್ನು ಹಾದು, 1975ರಲ್ಲಿ ಎರ್ತೆಮ್ ಎಯಿಲ್ಮೆಜ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಕೆಮಾಲ್ ಸುನಾಲ್ ಶಾಬಾನನಾಗಿ ಮನೆಮಾತಾದರು. ಮುನಿರ್ ಓಜ್ಕುಲ್ ಅವರ ಮಹಮೂದ್ ಮೇಷ್ಟ್ರಂತೂ ತುರ್ಕಿ ಜನರ ಮನಸ್ಸಿನಲ್ಲಿ ಆದರ್ಶ ಗುರುವಾಗಿ ನೆಲೆನಿಂತರು. ಚಿತ್ರ ಸೊಗಸಾಗಿದೆ, ನಿಜ. ಆದರೆ ಮಹಮೂದ್ ಮೇಷ್ಟ್ರನ್ನು ತಂದೆಯಂತೆ ಕರಗುವ ಮನುಷ್ಯನನ್ನಾಗಿಸಿ ಕಣ್ಣೀರು ತರಿಸುವ ಭರದಲ್ಲಿ, ಶಾಲೆ ಎಂಬ ವ್ಯವಸ್ಥೆಯ ಮೇಲೆ ಪುಸ್ತಕ ಇಟ್ಟಿದ್ದ ಚೂಪಾದ ಮೊನೆಯನ್ನು ಅದು ಮೊಂಡಾಗಿಸಿತು ಎಂಬುದು ನನ್ನ ಅಭಿಪ್ರಾಯ. ಚಿತ್ರವನ್ನು ನೋಡಿ ಇಲ್ಗಾಜರನ್ನು ಬರೀ ನಗಿಸುವ ಲೇಖಕರೆಂದುಕೊಂಡವರು, ಅವರ ಅರ್ಧವನ್ನಷ್ಟೇ ಕಂಡಂತಾಯಿತು.

ಉಳಿದ ಅರ್ಧವನ್ನು ಕಾಣಲು ಅವರು ಮಕ್ಕಳಿಗಾಗಿಯೇ ಬರೆದ ‘ಬಾಜಾಕ್ಸಿಜ್’ ಸರಣಿಯನ್ನು ತೆರೆಯಬೇಕು. ಬಾಜಾಕ್ಸಿಜ್ ಎಂಬುದು ಮೋಟುಗಾಲಿನ ಪೋರನಿಗೆ ಪ್ರೀತಿಯಿಂದ ಇಟ್ಟ ಹೆಸರು. ಒಂದು ಪುಸ್ತಕದಲ್ಲಿ ಅವನು ಲಾರಿ ಚಾಲಕ, ಒಂದರಲ್ಲಿ ಕಳ್ಳಸಿಗರೇಟಿನ ವ್ಯಾಪಾರಿ, ಮತ್ತೊಂದರಲ್ಲಿ ಹಣಕ್ಕಾಗಿ ಓಡುವ ಓಟಗಾರ, ಇನ್ನೊಂದರಲ್ಲಿ ಶಾಲೆಯ ಹುಡುಗ. ಈ ಶೀರ್ಷಿಕೆಗಳನ್ನು ಸಾಲಾಗಿಟ್ಟು ನೋಡಿದರೆ, ಪತ್ರಿಕೆ ಕಂಕುಳಲ್ಲಿಟ್ಟು ಬೀದಿಯಲ್ಲಿ ಸಿಕ್ಕ 1944ರ ಆ ಹುಡುಗನೇ ಇಲ್ಲಿ ಕಥಾನಾಯಕನಾಗಿ ಬಡ್ತಿ ಪಡೆದಿರುವುದು ತಿಳಿಯುತ್ತದೆ. ಮಕ್ಕಳ ಪುಸ್ತಕವೆಂದರೆ ಒಳ್ಳೆಯ ಹುಡುಗನಿಗೆ ಬಹುಮಾನ, ಕೆಟ್ಟವನಿಗೆ ಬುದ್ಧಿ ಎಂದು ನಂಬಿದ್ದವರಿಗೆ ಕಳ್ಳಸಿಗರೇಟು ಮಾರುವ ನಾಯಕನನ್ನು ನುಂಗಿಕೊಳ್ಳುವುದು ಕಷ್ಟವೇ. ಹಿರಿಯ ಮಕ್ಕಳೂ ಓದಬಹುದಾದ ‘ಹಲೀಮೆ ಕಪ್ತಾನ್’ ಕಾದಂಬರಿಯಲ್ಲಿ ತುರ್ಕಿಯ ಸ್ವಾತಂತ್ರ್ಯ ಸಮರಕ್ಕಾಗಿ ಕಪ್ಪು ಸಮುದ್ರದಲ್ಲಿ ದೋಣಿ ನಡೆಸುವ ಹೆಣ್ಣುಮಗಳ ಕಥೆಯಿದೆ. ಇದು ತಮ್ಮ ಕಡಲತೀರಕ್ಕೆ ಅವರು ಸಲ್ಲಿಸಿದ ಋಣ.

ವಯಸ್ಸಾದ ಮೇಲೆ ಇಲ್ಗಾಜ್ ಹುಟ್ಟೂರು ಜಿದೆಗೆ ಮರಳಿದ್ದರು. 1980ರ ಸೇನಾ ಕ್ಷಿಪ್ರಕ್ರಾಂತಿಯ ಮರುವರ್ಷ, 70ರ ವಯಸ್ಸಿನಲ್ಲಿ ಅವರನ್ನು ಅಲ್ಲಿಂದಲೇ ಬಂಧಿಸಿ ಕರೆದೊಯ್ದರು. ಅದರ ಮುಂದಿನ ವರ್ಷವೇ, ಅಂದರೆ 1982ರಲ್ಲಿ, ‘ಯಿಲ್ದಿಜ್ ಕರಾಯೆಲ್’ ಕಾದಂಬರಿಗೆ ಓರ್ಹಾನ್ ಕೆಮಾಲ್ ಕಾದಂಬರಿ ಪ್ರಶಸ್ತಿ ಬಂದಿತು. ಒಂದೇ ಲೇಖಕನಿಗೆ ಒಂದು ವರ್ಷ ಕೋಳ, ಮರುವರ್ಷ ಹಾರ.

1993ರ ಜುಲೈ 2ರಂದು ಸಿವಾಸ್ ಪಟ್ಟಣದ ಮದಿಮಾಕ್ ಹೋಟೆಲಿಗೆ ಉದ್ರಿಕ್ತ ಗುಂಪು ಬೆಂಕಿಯಿಟ್ಟಾಗ, ಸಾಂಸ್ಕೃತಿಕ ಉತ್ಸವಕ್ಕೆ ಬಂದು ಅಲ್ಲಿ ತಂಗಿದ್ದ ಕವಿಗಳು, ಗಾಯಕರು, ವಿಮರ್ಶಕರು ಸೇರಿ 30ಕ್ಕೂ ಹೆಚ್ಚು ಮಂದಿ ಸತ್ತರು. ಹಳೆಯ ಒಡನಾಡಿ ಅಜೀಜ್ ನೆಸಿನ್ ಅಲ್ಲಿಂದ ಹೇಗೋ ಪಾರಾದರು. ಅದಾದ ಐದನೆಯ ದಿನ, ಜುಲೈ 7ರಂದು, ಇಲ್ಗಾಜ್ ಇಸ್ತಾಂಬುಲಿನಲ್ಲಿ ತೀರಿಕೊಂಡರು. ಜಿದೆಯಲ್ಲಿ ಅವರ ಮನೆ ಈಗ ಸಾಂಸ್ಕೃತಿಕ ಕೇಂದ್ರವಾಗಿದೆ, ಅವರ ಹೆಸರಿನಲ್ಲಿ ಉತ್ಸವವೂ ನಡೆಯುತ್ತದೆ. ಒಮ್ಮೆ ಸೇನಾಡಳಿತ ಮುಟ್ಟುಗೋಲು ಹಾಕಿಕೊಂಡಿದ್ದ ‘ಸಿನಿಫ್’ ಕೂಡ ಮತ್ತೆ ಅಚ್ಚಾಗಿ ಓದುಗರ ಕೈ ಸೇರಿದೆ. ನಮಸ್ಕಾರ.