ಕಂಬದ ನಂಬರ್ ಎಷ್ಟು?

ಕೇಳುಗರಿಗೆ ನಮಸ್ಕಾರ.

ನಮ್ಮೂರು ಒಂದು ನಗರಸಭೆ. 31 ವಾರ್ಡು. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿಗೆ ಸದಸ್ಯೆಯಾಗಿದ್ದ ಹೆಣ್ಣುಮಗಳೊಬ್ಬರ ಮನೆ ಮುಂದೆ ಬೆಳಗ್ಗೆ ಆರೂವರೆಗೆಲ್ಲ ನಾಲ್ಕೈದು ಜನ ನಿಂತಿರುತ್ತಿದ್ದರು. ಒಬ್ಬರಿಗೆ ವೃದ್ಧಾಪ್ಯ ವೇತನ ನಿಂತುಹೋಗಿದೆ. ಇನ್ನೊಬ್ಬರ ಮನೆ ಮುಂದೆ ಚರಂಡಿ ಕಟ್ಟಿದೆ. ಮತ್ತೊಬ್ಬರ ಮಗನಿಗೆ ಶಾಲೆಗೆ ಕೊಡಲು ಒಂದು ಪತ್ರ ಬೇಕು. ಅವರು ಒಳಗೆ ಒಲೆ ಮೇಲೆ ಹಾಲಿಟ್ಟು, ಹೊರಗೆ ಬಂದು ಮಾತಾಡಿಸಿ, ಹಾಲು ಉಕ್ಕುವ ಹೊತ್ತಿಗೆ ಮತ್ತೆ ಒಳಗೆ ಓಡುತ್ತಿದ್ದರು.

ಅವರು ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸಿದವರು. ವಾರ್ಡು ಮಹಿಳೆಗೆ ಮೀಸಲಾದಾಗ ಓಣಿಯ ಜನರೇ ಅವರನ್ನು ನಿಲ್ಲಿಸಿದರು. ಅವರ ಹತ್ತಿರ ರವಿಕೆ ಅಳತೆ ಬರೆದುಕೊಳ್ಳುವ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಗೆದ್ದ ಮೇಲೂ ಅದೇ ಪುಸ್ತಕ. ಮುಂದಿನಿಂದ ತೆರೆದರೆ ಅಳತೆಗಳು, ಹಿಂದಿನಿಂದ ತೆರೆದರೆ ವಾರ್ಡಿನ ದೂರುಗಳು. ಬೀದಿದೀಪ ಹೋಗಿದೆ ಅಂತ ಯಾರಾದರೂ ಹೇಳಿದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಕಂಬದ ನಂಬರ್ ಎಷ್ಟು?" ನಂಬರ್ ಹೇಳದಿದ್ದರೆ ಎಂಜಿನಿಯರ್ ಕಚೇರಿಯಲ್ಲಿ ಕೆಲಸ ಆಗಲ್ಲ ಅನ್ನೋದನ್ನು ಅವರು ಮೊದಲ ತಿಂಗಳಲ್ಲೇ ಕಲಿತಿದ್ದರು.

ಮೊದಲ ಎರಡು ಸಾಮಾನ್ಯ ಸಭೆಗಳಿಗೆ ಅವರ ಗಂಡ ಜೊತೆಗೆ ಬಂದರು. ಮೂರನೆಯದಕ್ಕೆ ಅವರೊಬ್ಬರೇ ಹೋದರು. ಆ ಸಭೆಯಲ್ಲಿ ಎದ್ದು ನಿಂತು ಪುಸ್ತಕ ತೆರೆದು ಓದಿದರು. ಕೆಳಗಿನ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು, ಮೇಲಿನ ಬೀದಿಗೆ ಎಂಟು ದಿನಕ್ಕೊಮ್ಮೆ. ಮೂರು ತಿಂಗಳ ತಾರೀಖುಗಳನ್ನು ಒಂದೂ ಬಿಡದೆ ಬರೆದಿಟ್ಟಿದ್ದರು. ಸಭೆಯಲ್ಲಿ ಯಾರ ಬಾಯಿಂದಲೂ ಮಾತು ಬರಲಿಲ್ಲವಂತೆ. ಆಮೇಲೊಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ, ನೀರು ಬಿಡುವವರ ಜೊತೆ ತಾವೇ ಹೋಗಿ ನಿಂತರು. ಮೇಲಿನ ಬೀದಿಯ ವಾಲ್ವ್ ಅರ್ಧಕ್ಕೇ ಕಚ್ಚಿಕೊಂಡಿತ್ತು. ಅಷ್ಟೇ. ವರ್ಷಗಟ್ಟಲೆ ಕೊಡ ಹಿಡಿದು ಜಗಳ ಆಡಿದ್ದು ಒಂದು ವಾಲ್ವಿಗಾಗಿ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಇಂಥವರ ಬಗ್ಗೆ. ಶಾಸಕರ ಹೆಸರು ನಮಗೆ ಗೊತ್ತು, ಮಂತ್ರಿಗಳ ಹೆಸರು ಗೊತ್ತು. ನಗರಸಭೆ, ಪಾಲಿಕೆಯ ಸದಸ್ಯರು ಎಲ್ಲಿಂದ ಬಂದರು, ಮೊದಲು ಏನು ಮಾಡುತ್ತಿದ್ದರು ಅಂತ ಕೇಳೋರು ಕಡಿಮೆ, ಅಲ್ವಾ?

ಬೆಂಗಳೂರಿನಲ್ಲಿ ದಿನಾ ಬಸ್ಸಿನ ಕಂಡಕ್ಟರ್ "ಟೌನ್ ಹಾಲ್, ಟೌನ್ ಹಾಲ್" ಅಂತ ಕೂಗುತ್ತಾರೆ. ಆ ಕಟ್ಟಡದ ಪೂರ್ತಿ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. 1935ರಲ್ಲಿ ಕಟ್ಟಿದ್ದು. ಪುಟ್ಟಣ್ಣ ಚೆಟ್ಟರು ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದವರು. 1862ರಲ್ಲಿ ಆ ಪುರಸಭೆ ಶುರುವಾದಾಗ ಅದು ಊರಿನ ಒಂಬತ್ತು ಜನ ಪ್ರಮುಖರ ಮಂಡಳಿ ಮಾತ್ರ. ಹೊಲಿಗೆ ಕೆಲಸದ ಹೆಣ್ಣುಮಗಳಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಈ ಹೆಸರಿನ ಹಿಂದಿನ ಕಥೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ರಂಗರಾಯರು ವಕೀಲರು. ದಲಿತರ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಆದರೆ ಅವರು ಶಾಲೆಗೇ ನಿಲ್ಲಿಸಲಿಲ್ಲ. ಅವರ ಪ್ರಯತ್ನದಿಂದ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅನ್ನುವ ಇಬ್ಬರು ದಲಿತರು ಅಲ್ಲಿನ ಸ್ಥಳೀಯ ಆಡಳಿತಕ್ಕೆ ನೇಮಕವಾದರು. ಮೀಸಲಾತಿಯ ಕಾನೂನು ಇನ್ನೂ ಹುಟ್ಟಿರದ ಕಾಲ ಅದು. ಇಬ್ಬರ ಹೆಸರಿನ ಜೊತೆಗೂ 'ಮಾಸ್ತರ್' ಇರೋದನ್ನು ಗಮನಿಸಿ. ಅಕ್ಷರ ಕಲಿತು, ಆಮೇಲೆ ಆಡಳಿತದ ಬಾಗಿಲು ದಾಟಿದವರು ಅವರು.

ಅದೇ ಮಂಗಳೂರಿನಿಂದ ಹೋದ ಇನ್ನೊಬ್ಬರು ಜಾರ್ಜ್ ಫರ್ನಾಂಡಿಸ್. ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಬೊಂಬಾಯಿಗೆ ಹೋದರು. ಕೈಯಲ್ಲಿ ಕಾಸಿಲ್ಲದೆ ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಪತ್ರಿಕೆಯಲ್ಲಿ ಪ್ರೂಫ್ ತಿದ್ದಿದರು, ಟ್ಯಾಕ್ಸಿ ಚಾಲಕರ ಸಂಘ ಕಟ್ಟಿದರು. 1961ರಲ್ಲಿ ಬೊಂಬಾಯಿ ಪಾಲಿಕೆಯ ಸದಸ್ಯರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಎಲ್ಲರಿಗೂ ನೆನಪಿದೆ. ಆ ಪಾಟೀಲರೂ ಅದೇ ಪಾಲಿಕೆಯಲ್ಲಿ ಮೇಯರ್ ಆಗಿದ್ದವರೇ. ಗೆದ್ದವರು, ಸೋತವರು ಇಬ್ಬರೂ ಊರಿನ ನೀರು, ಕಸ, ರಸ್ತೆ ನೋಡಿ ಬಂದವರು.

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ನಗರಸಭೆ, ಪಾಲಿಕೆಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ನಮ್ಮ ರಾಜ್ಯದಲ್ಲಿ ಆಮೇಲೆ ಅದು ಅರ್ಧಕ್ಕೆ ಏರಿತು. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ಪಾಲಿಕೆಗೆ 21 ಸಾಕು. 2023ರಲ್ಲಿ ಬಳ್ಳಾರಿಯ ಮೇಯರ್ ಆದಾಗ ಡಿ. ತ್ರಿವೇಣಿ ಅವರಿಗೆ 23 ವರ್ಷ. ಅವರ ತಾಯಿಯೂ ಅಲ್ಲಿ ಮೇಯರ್ ಆಗಿದ್ದವರು.

ಮೀಸಲಾತಿ ಸರದಿಯಲ್ಲಿ ತಿರುಗುತ್ತದೆ. ಅದರಿಂದ ಹೊಸಬರಿಗೆ ಅವಕಾಶ ಸಿಗುತ್ತದೆ, ಒಳ್ಳೆಯದೇ. ಆದರೆ ಕೆಲಸ ಕಲಿತವರು ಐದೇ ವರ್ಷಕ್ಕೆ ಮನೆಗೆ ಹೋಗಬೇಕಾಗುತ್ತದೆ. ನಮ್ಮ ಓಣಿಯ ಆ ಹೆಣ್ಣುಮಗಳಿಗೂ ಹಾಗೇ ಆಯಿತು. ಮುಂದಿನ ಸಲ ವಾರ್ಡು ಬೇರೆ ವರ್ಗಕ್ಕೆ ಹೋಯಿತು. ಬಜೆಟ್ ಪುಸ್ತಕ ಓದೋದು ಅವರಿಗೆ ಆಗಷ್ಟೇ ಸಲೀಸಾಗಿತ್ತು. ಇದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಬೆಂಗಳೂರಿನ ಕಥೆ ಇನ್ನೂ ಕಷ್ಟದ್ದು. 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಆ ಊರು ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ನಡೆಯಿತು. 2021ರ ಏಪ್ರಿಲ್, ಮೇ ತಿಂಗಳು ನೆನಪಿಸಿಕೊಳ್ಳಿ. ಕೊರೊನಾದ ಎರಡನೇ ಅಲೆ. ಜನ ಆಸ್ಪತ್ರೆಯ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ರಾತ್ರಿಯಿಡೀ ಫೋನು ಮಾಡುತ್ತಿದ್ದರು. ಯಾವ ಬೀದಿಯಲ್ಲಿ ಒಂಟಿ ಮುದುಕರಿದ್ದಾರೆ, ಯಾವ ಮನೆಯಲ್ಲಿ ಅಕ್ಕಿ ಮುಗಿದಿದೆ ಅಂತ ತಿಳಿದುಕೊಳ್ಳುವುದು ವಾರ್ಡ್ ಸದಸ್ಯರ ಕೆಲಸ. ಆ ಕುರ್ಚಿ ಖಾಲಿ ಇತ್ತು. ಹಳೆಯ ಸದಸ್ಯರಲ್ಲಿ ಕೆಲವರು ಅಧಿಕಾರ ಇಲ್ಲದಿದ್ದರೂ ಓಡಾಡಿದರು, ಅವರನ್ನು ನೆನೆಯಬೇಕು. 2025ರಲ್ಲಿ ಪಾಲಿಕೆ ಐದಾಯಿತು, ವಾರ್ಡುಗಳು 360 ದಾಟಿದವು. ಅಷ್ಟೂ ಜನ ಯಾರಾಗಿರಬೇಕು ಅನ್ನೋದು ಬೆಂಗಳೂರಿನವರ ಕೈಯಲ್ಲಿದೆ.

ಅದಕ್ಕೊಂದು ದಾರಿಯೂ ಇದೆ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ಪ್ರಮಾಣಪತ್ರ ಕೊಡಬೇಕು. ಎಷ್ಟು ಓದಿದ್ದಾರೆ, ಆಸ್ತಿ ಎಷ್ಟು, ಸಾಲ ಎಷ್ಟು, ಕ್ರಿಮಿನಲ್ ಕೇಸು ಇದೆಯಾ, ಎಲ್ಲ ಅದರಲ್ಲಿರುತ್ತದೆ. ಯಾರು ಬೇಕಾದರೂ ನೋಡಬಹುದು. ದಯವಿಟ್ಟು ನೋಡಿ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ವಾಲ್ವಿನ ಹತ್ತಿರ ಯಾರು ಬಂದು ನಿಲ್ಲುತ್ತಾರೆ ಅನ್ನೋದು ಆ ಕಾಗದದಲ್ಲಿ ಇರುವುದಿಲ್ಲ. ಅದಕ್ಕೆ ಪಕ್ಕದ ಮನೆಯವರನ್ನೇ ಕೇಳಬೇಕು.

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ಮನೆ ಮುಂದಿನ ದೀಪ ಎರಡು ದಿನದಿಂದ ಉರಿಯುತ್ತಿರಲಿಲ್ಲ. ಅಮ್ಮ ಫೋನ್ ತೆಗೆದುಕೊಂಡು ಅವರಿಗೇ ಮಾಡಿದರು. "ಈಗ ಅವರು ಮೆಂಬರ್ ಅಲ್ಲವಲ್ಲಮ್ಮ" ಅಂದೆ. ಅಮ್ಮ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. "ಹೇಳಿ ಅಮ್ಮ, ಕಂಬದ ನಂಬರ್ ಎಷ್ಟು?"

ನಮಸ್ಕಾರ.